ಒಂಬತ್ತನೇ ಟ್ರ್ಯಾಕ್

ಹಾಡಿಲ್ಲದ ತಾಲ್ಲೂಕು ಪೂರ್ಣ ಪ್ರಮಾಣದ ತಾಲ್ಲೂಕಲ್ಲ ಎಂಬುದು ನ್ಯಾಮತಿಯಲ್ಲಿ ಸರ್ವಾನುಮತದಿಂದ ತೀರ್ಮಾನವಾದ ಸಂಗತಿ. ತೀರ್ಮಾನಿಸಿದ್ದು ತಾಲ್ಲೂಕು ಗೀತೆ ಅನುಷ್ಠಾನ ಸಮಿತಿ. ಇಂಥದ್ದೊಂದು ಸಮಿತಿ ಏಕೆ ಬೇಕೆಂದು ಯಾರೂ ಕೇಳಲಿಲ್ಲ. ಕೇಳಬಹುದಾದವರನ್ನೆಲ್ಲ ಮುಂಜಾಗ್ರತೆಯಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಗಿತ್ತು. ಹೊನ್ನಾಳಿ ತಾಲ್ಲೂಕಿನಿಂದ ಒಡೆದು ಬೇರೆ ಮನೆ ಹೂಡಿದ ಮೇಲೆ ಹೊನ್ನಾಳಿಗಿಲ್ಲದ್ದು ಏನಾದರೊಂದು ನಮ್ಮ ಮನೆಯಲ್ಲಿರಬೇಕಲ್ಲ ಎಂಬುದು ಅಧ್ಯಕ್ಷ ಓಂಕಾರಪ್ಪನವರ ವಾದ.

ಹಾಡು ಕಟ್ಟುವ ಕೆಲಸ ರುದ್ರಾಣಿಯ ಪಾಲಿಗೆ ಬಂತು. ಅವಳದು ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ಬಿಲ್ಲು ಹಾಕುವ ಕಂಪ್ಯೂಟರಿನಲ್ಲೇ ಹೊಸಬರಿಗೆಂದು ಪುಕ್ಕಟೆ ಸಿಗುವ ಒಂದು ಸಂಗೀತದ ಸಾಫ್ಟ್‌ವೇರ್ ಹಾಕಿಕೊಂಡಿದ್ದಳು. ಯೂರಿಯಾ ಕೇಳಿಕೊಂಡು ಯಾರೂ ಬಾರದ ಹೊತ್ತಿನಲ್ಲಿ ಹಾರ್ಮೋನಿಯಂ ನುಡಿಸಿ ಅದರೊಳಗೆ ತುಂಬುವುದು ಅವಳ ಚಟ. ಪುಕ್ಕಟೆ ಆದ್ದರಿಂದ ಅದಕ್ಕೊಂದು ಮಿತಿ ಇತ್ತು. ಒಂದು ಹಾಡಿಗೆ ಎಂಟೇ ಟ್ರ್ಯಾಕು. ಒಂದು ವಾದ್ಯಕ್ಕೆ ಒಂದು ಟ್ರ್ಯಾಕು ಹಾಕಿಕೊಂಡರೆ ಎಂಟು ವಾದ್ಯ ಆದ ಮೇಲೆ ಬಾಗಿಲು ಬಂದ್.

ರುದ್ರಾಣಿ ಒಪ್ಪಿಕೊಂಡಿದ್ದು ತಾಲ್ಲೂಕಿನ ಮೇಲಿನ ಪ್ರೀತಿಯಿಂದಲ್ಲ, ಅತ್ತೆ ಹೊನ್ನೂರಮ್ಮನ ಮೇಲಿನ ಪ್ರೀತಿಯಿಂದ. ಸುತ್ತಲ ಊರುಗಳ ಮದುವೆಗಳಿಗೆ ಸೋಬಾನೆ ಹೇಳಿ ಹೇಳಿ ಗಟ್ಟಿಯಾದ ಕಂಠ ಅದು. ಈಗೀಗ ಮದುವೆಯಲ್ಲಿ ಆಕೆ ಎರಡು ಸಾಲು ಹೇಳುವಷ್ಟರಲ್ಲಿ ಡಿಜೆ ಶುರುವಾಗುತ್ತಿತ್ತು. ಮುದುಕಿ ಹಾಡು ಅಲ್ಲಿಗೇ ಬಿಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅತ್ತೆಯ ಹಾಡನ್ನು ಊರು ಒಂದು ಸಲವಾದರೂ ಕೊನೆಯ ಸಾಲಿನವರೆಗೆ ಕೇಳಲಿ ಎಂಬುದೊಂದೇ ರುದ್ರಾಣಿಯ ಆಸೆ.

"ಏಳು ಊರ ಹಾದಿ ಕೂಡೋ ನ್ಯಾಮತಿ, ಕುಂತು ಹೋಗೆ ತಾಯಿ ನೆರಳಾಗೆ" ಎಂದು ಹೊನ್ನೂರಮ್ಮ ತಾನೇ ಕಟ್ಟಿ ಹಾಡಿದಳು. ಗೊಬ್ಬರದ ಚೀಲಗಳ ನಡುವೆ ಕೂತು ಹಾಡಿದ್ದಕ್ಕೋ ಏನೋ ದನಿ ಬಲು ಚೆನ್ನಾಗಿ ಬಂತು. ಮೊದಲ ಟ್ರ್ಯಾಕು ಅದಕ್ಕೇ ಮೀಸಲಾಯಿತು.

ಆಮೇಲೆ ಸಮಿತಿ ಬಂತು. ಒಬ್ಬರು ತಮ್ಮ ಕೇರಿಯ ಡೊಳ್ಳು ಬೇಕೆಂದರು, ಇನ್ನೊಬ್ಬರು ತಮಟೆ. ಭಜನಾ ಮಂಡಳಿಯ ತಾಳ ಬಂತು, ಸೂರಗೊಂಡನಕೊಪ್ಪದ ಕಡೆಯಿಂದ ನಗಾರಿ ಬಂತು, ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ ಬಂತು. ಹಾರ್ಮೋನಿಯಂ ಮೊದಲೇ ಇತ್ತು. ಅಧ್ಯಕ್ಷರು ಸ್ವತಃ ಶಂಖ ಊದಿದರು. ಅಲ್ಲಿಗೆ ಎಂಟೂ ಭರ್ತಿಯಾದವು. ಆಗ ಬಂದವರು ಮಲ್ಲೇಶಪ್ಪ. ಅವರು ಅಡಿಕೆ ಸುಲಿಯುವ ಯಂತ್ರಗಳನ್ನು ಬಾಡಿಗೆಗೆ ಕೊಡುವವರು. ಉದ್ಘಾಟನೆಯ ಶಾಮಿಯಾನವೂ ಊಟವೂ ಅವರದೇ.

"ನಮ್ಮ ಮಿಷಿನ್ ಸೌಂಡ್ ಇಲ್ದಿದ್ರೆ ಅದೆಂಥಾ ತಾಲ್ಲೂಕ್ ಗೀತೆ ರೀ? ಊರಿಗೆ ಅನ್ನ ಹಾಕೋ ಸೌಂಡು ಅದು" ಎಂದರು.

"ಜಾಗ ಇಲ್ಲ ಅಣ್ಣಾರೆ. ಎಂಟೇ ಟ್ರ್ಯಾಕ್ ಐತೆ" ಎಂದಳು ರುದ್ರಾಣಿ. "ಬೇಕಾದ್ರೆ ಡೊಳ್ಳು, ತಮಟೆ ಎರಡನ್ನೂ ಒಂದ್ರಾಗೇ ಸೇರ್ಸಾಕೆ ಬರುತ್ತೆ."

ಡೊಳ್ಳಿನವರೂ ತಮಟೆಯವರೂ ಒಟ್ಟಿಗೇ ಎದ್ದು ನಿಂತರು. ಜಂಟಿ ಪಹಣಿ ಮಾಡಿಸಿಕೊಂಡ ಅಣ್ಣತಮ್ಮಂದಿರೇ ಕೋರ್ಟಿಗೆ ಅಲೆಯುತ್ತಿರುವಾಗ ಜಂಟಿ ಟ್ರ್ಯಾಕಿನ ಗತಿಯೇನು ಎಂಬುದು ಅವರ ಪ್ರಶ್ನೆ. ಸಮಿತಿ ಅದನ್ನು ನ್ಯಾಯಸಮ್ಮತವೆಂದು ದಾಖಲಿಸಿಕೊಂಡಿತು.

"ಹಂಗಾದ್ರೆ ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ವೇರ್ ತಗಳ್ರಿ. ಎಷ್ಟು ಟ್ರ್ಯಾಕ್ ಬೇಕಾದ್ರೂ ಬರುತ್ತೆ" ಎಂದಳು ರುದ್ರಾಣಿ.

"ಸಮಿತಿ ನಿಧಿಯಾಗೆ ಶಾಲಿಗೆ ಅವಕಾಶ ಐತೆ, ಹಾರಕ್ಕೆ ಐತೆ, ಫಲತಾಂಬೂಲಕ್ಕೂ ಐತೆ" ಎಂದರು ಓಂಕಾರಪ್ಪ ವ್ಯಥೆಯಿಂದ. "ಟ್ರ್ಯಾಕ್ ಅಂತ ಬರೆಯಾಕೆ ಕಾಲಮ್ಮೇ ಇಲ್ಲಮ್ಮ."

ಯಾವುದನ್ನು ತೆಗೆಯುವುದು? ಪ್ರತಿ ವಾದ್ಯದ ಹಿಂದೆಯೂ ಒಬ್ಬ ಸದಸ್ಯ ನಿಂತಿದ್ದ. ಹಾರ್ಮೋನಿಯಂ ತೆಗೆದರೆ ಶ್ರುತಿಯೇ ಇರುವುದಿಲ್ಲ. ಯಾವ ಸದಸ್ಯನೂ ಹಿಂದೆ ನಿಲ್ಲದೆ ಉಳಿದದ್ದು ಹೊನ್ನೂರಮ್ಮನ ದನಿಯೊಂದೇ. ಮರುದಿನ ನಿರ್ಣಯ ಹೊರಬಿತ್ತು:

"ಗಾಯನಕ್ಕೆ ಟ್ರ್ಯಾಕ್ ಲಭ್ಯವಿಲ್ಲದ ಕಾರಣ, ಸದರಿ ಗೀತೆಯನ್ನು ಸಾರ್ವಜನಿಕರು ಎದ್ದು ನಿಂತು ಮನಸ್ಸಿನಲ್ಲಿಯೇ ಹಾಡಿಕೊಳ್ಳತಕ್ಕದ್ದು. ಬಾಯಿಬಿಟ್ಟು ಹಾಡಿದಲ್ಲಿ ಅದನ್ನು ಒಂಬತ್ತನೇ ಟ್ರ್ಯಾಕ್ ಎಂದು ಪರಿಗಣಿಸಿ, ಅನಧಿಕೃತವೆಂದು ಘೋಷಿಸಲಾಗುವುದು. ಗಾಯಕಿಯಾಗಿ ಶ್ರೀಮತಿ ಹೊನ್ನೂರಮ್ಮನವರೇ ಮುಂದುವರಿಯತಕ್ಕದ್ದು."

ರುದ್ರಾಣಿಗೆ ಹೊಟ್ಟೆ ಉರಿಯಿತು. ಉರಿದರೂ ಏನು ಮಾಡುವುದು, ಗೊಬ್ಬರದ ಬಾಕಿ ಉಳಿಸಿಕೊಂಡ ಗಿರಾಕಿಗಳೆಲ್ಲ ಸಮಿತಿಯಲ್ಲೇ ಇದ್ದರು. ಅತ್ತೆಯ ದನಿಯನ್ನು ಅಳಿಸಿ ಆ ಜಾಗದಲ್ಲಿ ಮಲ್ಲೇಶಪ್ಪನವರ ಯಂತ್ರವನ್ನು ಕೂರಿಸಿದಳು.

ಉದ್ಘಾಟನೆ ಬಲು ಜೋರಾಗಿ ನಡೆಯಿತು. ಗೀತೆ ಯಂತ್ರದ ಸದ್ದಿನಿಂದಲೇ ಶುರುವಾಯಿತು. ತ್ರೀ ಫೇಸ್ ಕರೆಂಟು ಬಂತೆಂದು ಹಿಂದಿನ ಸಾಲಿನ ನಾಲ್ಕಾರು ಜನ ತೋಟದ ಮೋಟಾರು ಹಾಕಲು ಬೈಕಿನತ್ತ ಓಡಿದರು. ಉಳಿದವರು ಎದ್ದು ನಿಂತು, ಬಾಯಿ ಬಿಗಿಹಿಡಿದು, ಹಾಡಿಕೊಂಡರು. ಹಾಡು ಮುಗಿದ ಮೇಲೆ ಹೊನ್ನೂರಮ್ಮನಿಗೆ ಶಾಲು ಹೊದಿಸಿದರು.

"ನಾನು ಹಾಡೇ ಇಲ್ವಲ್ಲಪ್ಪ" ಎಂದಳು ಮುದುಕಿ.

"ಕೇಳಿದ್ರಾ, ಎಂಥಾ ವಿನಯ!" ಎಂದು ಓಂಕಾರಪ್ಪನವರು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಹೊನ್ನೂರಮ್ಮನಿಗೆ ಬೇಡಿಕೆ ಏರಿತು. ಚನ್ನಗಿರಿಯ ಒಂದು ಮದುವೆಗೆ ಕಾರು ಕಳಿಸಿ ಕರೆಸಿಕೊಂಡರು. ಆಕೆ ವೇದಿಕೆಯಲ್ಲಿ ಕೂತು ಮನಸ್ಸಿನಲ್ಲೇ ಪೂರ್ತಿ ಸೋಬಾನೆ ಹೇಳಿದಳು. ಡಿಜೆಗೂ ಅದರಿಂದ ಯಾವ ಅಡಚಣೆಯೂ ಆಗಲಿಲ್ಲ. ಇಂಥ ಹಾಡು ಕೇಳಿ ಎಷ್ಟು ಕಾಲವಾಯಿತು ಎಂದು ಬೀಗರು ಕಣ್ಣೊರೆಸಿಕೊಂಡರು. ಜಗಳೂರಿನವರು ತಮಗೂ ಇಂಥದ್ದೇ ಒಂದು ಗೀತೆ ಬೇಕೆಂದು ಸಮಿತಿ ರಚಿಸಿಕೊಂಡರಂತೆ. ಅವರದರಲ್ಲಿ ಸದಸ್ಯರು ಹೆಚ್ಚಿರುವುದರಿಂದ ಹಾರ್ಮೋನಿಯಮ್ಮನ್ನೂ ಮನಸ್ಸಿನಲ್ಲೇ ನುಡಿಸುವ ಪ್ರಸ್ತಾವವಿದೆಯಂತೆ.

ರುದ್ರಾಣಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಹೇಳಿದಳು: "ಅತ್ತೆ, ಇಲ್ಲಿ ಯಾವ ಸಮಿತೀನೂ ಇಲ್ಲ. ಒಂದ್ಸಲ ಬಾಯಿಬಿಟ್ಟು ಹಾಡ್ರಿ. ಕೊನೇತನಕ ನಾನು ಕೇಳ್ತೀನಿ."

ಹೊನ್ನೂರಮ್ಮ ಶಾಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೈಯಲ್ಲಿ ತಾಳ ಹಾಕತೊಡಗಿದಳು. ತುಟಿ ಅಲುಗಲಿಲ್ಲ. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ರುದ್ರಾಣಿ ಕಾಯುತ್ತಲೇ ಇದ್ದಳು.

ಹಿತ್ತಲ ಕಿಟಕಿಯಿಂದ ಪಕ್ಕದ ಮನೆಯ ನಾಗರತ್ನ ಇಣುಕಿದಳು. ಒಂದು ಗಳಿಗೆ ತಲೆದೂಗಿ ನಿಂತು, "ಚೆನ್ನಾಗೈತೆ ಅಜ್ಜಿ, ಆದ್ರೆ ಇವತ್ತು ಯಾಕೋ ದನಿ ಸ್ವಲ್ಪ ಒಡೆದಂಗೆ ಐತಲ್ಲ" ಎಂದಳು.

"ಹೂಂ ಕಣವ್ವ" ಎಂದಳು ಹೊನ್ನೂರಮ್ಮ ಕಣ್ಣು ಬಿಟ್ಟು. "ನಿನ್ನೆಯಿಂದ ಗಂಟಲು ಕಟ್ಟೈತೆ."

ರುದ್ರಾಣಿ ಅತ್ತೆಯ ಮುಖ ನೋಡಿದಳು. ಆಮೇಲೆ ಎದ್ದು, ಮೆಣಸು ಕುಟ್ಟಿ ಕಷಾಯಕ್ಕೆ ನೀರಿಟ್ಟಳು.