ಡ್ರೈವರಿಲ್ಲದ ಆನೆಗಳು

ಆ ಎರಡನೇ ಶನಿವಾರ ಬೆಳಿಗ್ಗೆ ನಾನು ನಮ್ಮ ಮನೆಯ ಕಂಪ್ಯೂಟರಿಗೆ ಸ್ವಾತಂತ್ರ್ಯ ಘೋಷಿಸಿದೆ! ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು, "ಇವತ್ತಿನಿಂದ ಈ ಮನ್ಯಾಗ ವಿಂಡೋಸ್ ಇಲ್ಲ. ಇನ್ನ ಲಿನಕ್ಸ್! ವೈರಸ್ ಇಲ್ಲ, ನಿಧಾನ ಇಲ್ಲ, ಯಾರ ಹಂಗೂ ಇಲ್ಲ!" ಎಂದು ಗುಡುಗಿದೆ.

ಸಭೆಯಲ್ಲಿದ್ದವರು ಇಬ್ಬರೇ. ಅವ್ವ ಗುರುಲಿಂಗವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. ಹೆಂಡತಿ ಶೀಲಾ ಎತ್ತಿದಳು.

"ಇವತ್ತ ಬ್ಯಾಡ್ರಿ. ಸಂಜಿಮುಂದ ರಮಾಬಾಯಾರು ಬರ್ತಾರ."

ಶೀಲಾ ಇಳಕಲ್ ಸೀರೆಗೆ ಹಾಕುವ ಕಸೂತಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಅವನ್ನು ನೋಡಿಕೊಂಡು ನಮ್ಮ ಓಣಿಯ ಹೆಂಗಸರು ಸೂಜಿ ಹಿಡಿಯುತ್ತಾರೆ. ಇಷ್ಟು ದಿನ ಬೀಗರಿಗೊಂದು, ಗೆಳತಿಗೊಂದು ಎಂದು ನಡೆದಿತ್ತು. ಈಗ ಬಾಗಲಕೋಟೆಯಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟಿರುವ ರಮಾಬಾಯಿ ತಾವಾಗಿಯೇ ಬಂದು ನೋಡುತ್ತೇನೆ ಎಂದಿದ್ದರು. ಅವರಿಗೆ ಹಿಡಿಸಿದರೆ ಓಣಿಗೆಲ್ಲ ವರ್ಷವಿಡೀ ಕೆಲಸ. ಶೀಲಾ ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ಅರ್ಧ ತಾಸಿನ ಕೆಲಸ!" ಎಂದೆ. ಹುನಗುಂದದ ನಮ್ಮ ಕಚೇರಿಯಲ್ಲಿ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕ ಕಾಗದವನ್ನು ಹರಿಯದಂತೆ ಹೊರತೆಗೆಯುವ ಏಕಮೇವ ವೀರ ನಾನು. ನನಗೇ ಬುದ್ಧಿವಾದವೇ?

ಶೀಲಾ ಎದ್ದು ತನ್ನ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಗಂಡನ ಮ್ಯಾಲೆ ಇಷ್ಟೂ ನಂಬಿಕಿ ಇಲ್ಲೇನು?"

"ಐತ್ರಿ. ಭಾಳ ಐತಿ. ಅದಕ್ಕನ ಗಂಟ ಹಾಕೇನಿ."

ಲಿನಕ್ಸ್ ಸಲೀಸಾಗಿ ಕೂತಿತು. ನಾನು ಮೀಸೆ ತಿರುವಿದೆ. ಪೆನ್‌ಡ್ರೈವ್ ಇಸಿದುಕೊಂಡು ಶೀಲಾಳ ಆನೆಗಳ ಸಾಲನ್ನು ತೆರೆದೆ. ಅಂಬಾರಿ ಹೊತ್ತು ನಾಜೂಕಾಗಿ ನಡೆಯಬೇಕಾದ ಆನೆಗಳು ರೋಡ್ ರೋಲರ್ ಅಡಿ ಸಿಕ್ಕ ಎಮ್ಮೆಗಳಂತೆ ಅಡ್ಡಡ್ಡ ಹರಡಿಕೊಂಡಿದ್ದವು! ಅಕ್ಷರಗಳೋ, ಚುನಾವಣೆಯ ಬ್ಯಾನರಿನಷ್ಟು ದಪ್ಪ.

ಕಾರಣ ಬೇಗ ಗೊತ್ತಾಯಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಎಂಬ ಒಂದು ಪ್ರೋಗ್ರಾಮು ಬೇಕು. ಅದಿಲ್ಲದಿದ್ದರೆ ಚಿತ್ರ ಎಲ್ಲಿ, ಎಷ್ಟಗಲ ಬೀಳಬೇಕೆಂಬುದೇ ಕಾರ್ಡಿಗೆ ತಿಳಿಯದು. ನಮ್ಮ ಕಾರ್ಡಿನ ಡ್ರೈವರನ್ನು ಅದನ್ನು ತಯಾರಿಸಿದ ಕಂಪನಿಯೇ ಕೊಡಬೇಕು, ಬೇರೆಯವರದು ನಡೆಯುವುದಿಲ್ಲ. ಸರಿ, ಕಂಪನಿಯ ವೆಬ್‌ಸೈಟಿನ ಬಾಗಿಲಿಗೇ ಹೋದೆ. 'ಡೌನ್‌ಲೋಡ್' ಒತ್ತಿದೆ. 'ಕ್ಷಮಿಸಿ, ನೀವು ಹುಡುಕುತ್ತಿರುವ ಪುಟ ಈಗ ಇಲ್ಲ' ಎಂದಿತು! ಕಾರ್ಡು ಹಳೆಯದಾಯಿತಂತೆ, ಡ್ರೈವರ್ ತೆಗೆದುಹಾಕಿದ್ದಾರಂತೆ. ಮತ್ತೊಂದು ಕೊಂಡಿ ಒತ್ತಿದೆ. ಅದು ತಿರುಗಿ ಮೊದಲಿನ ಪುಟಕ್ಕೇ ತಂದು ಬಿಟ್ಟಿತು. ಕೆರೂರಿಗೆಂದು ಬಸ್ ಹತ್ತಿದವನು ಊರು ಸುತ್ತಿ ಮತ್ತೆ ನಮ್ಮ ಇಳಕಲ್ ಸ್ಟ್ಯಾಂಡಿನಲ್ಲೇ ಇಳಿದಂತಾಯಿತು.

"ಅಯ್ಯೋ, ಡ್ರೈವರ್ ಸಿಗವಲ್ಲದಲ್ಲಾ!" ಎಂದು ಗಟ್ಟಿಯಾಗಿ ಕೂಗಿಕೊಂಡೆ. ಅದೇ ತಪ್ಪಾಯಿತು. ಅವ್ವ ಸೊಪ್ಪು ಬಿಟ್ಟು ಫೋನ್ ಎತ್ತಿದ್ದನ್ನು ನಾನು ನೋಡಲಿಲ್ಲ.

ಬಲ್ಲವರು ಇಂಟರ್ನೆಟ್ಟಿನಲ್ಲಿ ಬರೆದಿಟ್ಟ ಒಂದು ಮಂತ್ರವನ್ನು ಅಕ್ಷರ ತಪ್ಪದಂತೆ ಟೈಪ್ ಮಾಡಿದೆ. ಪರದೆ ನಡುಗಿತು. ಕೆಂಪು ಆನೆಗಳು ಗುಲಾಬಿ ಆದವು. ಚಿತ್ರ ನಡುವೆ ಸೀಳಿ ಪಕ್ಕಕ್ಕೆ ಸರಿದು, ಒಂದು ಆನೆಯ ಸೊಂಡಿಲು ಮುಂದಿನ ಆನೆಯ ಬಾಲಕ್ಕೆ ಅಂಟಿಕೊಂಡಿತು!

ಶೀಲಾ ಬಂದು ನೋಡಿದಳು. ಆಮೇಲೆ ಮೊಬೈಲಿನಲ್ಲಾದರೂ ತೋರಿಸೋಣವೆಂದು ಪ್ರಯತ್ನಿಸಿದಳು. ಅದರಲ್ಲಿ ಆ ಫೈಲು ತೆರೆಯಲಿಲ್ಲ.

"ರಮಾಬಾಯಾರಿಗೆ ಏನ್ ತೋರಸ್ಲಿ? ನಿಮ್ಮ ಮಾರಿ?"

ಅಷ್ಟರಲ್ಲಿ ಮನೆಯ ಮುಂದೆ ಲಾರಿ ನಿಂತ ಸದ್ದು. ಗ್ರಾನೈಟ್ ಸಾಗಿಸುವ ಲಾರಿ ಹೊಡೆಯುವ ಹಿಂದಿನ ಓಣಿಯ ಹಣಮೇಶ ಟಾವೆಲ್ಲಿನಿಂದ ಕೊರಳು ಒರೆಸಿಕೊಳ್ಳುತ್ತ ಒಳಗೆ ಬಂದ.

"ಎಲ್ಲಿಗೆ ಹೋಗೂದೈತ್ರಿ ಅಣ್ಣಾರ? ಗಾಡಿ ಯಾವುದು?"

"ಯಾವ ಗಾಡಿ?"

"ದೊಡ್ಡವ್ವ ಫೋನ್ ಮಾಡಿದ್ಲು. ಡ್ರೈವರ್ ಎಲ್ಲೂ ಸಿಗವಲ್ಲ, ಮಗ ಪ್ರವೀಣ ಅಳಾಕ್ಹತ್ಯಾನ ಅಂದ್ಲು. ಲೋಡ್ ಇಳಿಸಿ ಹಂಗ ಓಡಿ ಬಂದೇನಿ."

ಅವ್ವ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದಳು. "ಮುಂಜಾನಿಂದ ಒಬ್ಬಾವನ ಒದ್ದಾಡಾಕ್ಹತ್ತೀಯಲ್ಲೋ. ಒಂದ್ ಮಾತ ನನಗ ಹೇಳಾಕ ಏನಾಗಿತ್ತ?"

ಇದು ಬೇರೆ ಡ್ರೈವರ್ ಎಂದು ವಿವರಿಸಿದೆ. ಹಣಮೇಶ ಪರದೆಯತ್ತ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಈ ಆನಿ ಆ ಆನಿ ಬಾಲ ಹಿಡದೈತಲ್ರೀ! ನಮ್ಮ ಮನ್ಯಾಗ ತೋರಸ್ತೇನಿ, ತಡೀರಿ" ಎಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ನನ್ನ ಮಾನ ಓಣಿ ದಾಟಿ ಹೋಗುವುದು ಖಚಿತವಾಯಿತು. ಅವ್ವ ಅವನನ್ನು ಚಹಾಕ್ಕೆ ಕೂರಿಸಿದಳು.

ನಾನು ಸೋಲಲಿಲ್ಲ! ಯಾರೋ ಪುಣ್ಯಾತ್ಮರು ಹಳೆಯ ಡ್ರೈವರಿನ ಪ್ರತಿಯೊಂದನ್ನು ಯಾವುದೋ ದೂರದೇಶದ ಸಂಗ್ರಹದಲ್ಲಿ ಉಳಿಸಿದ್ದು ಸಿಕ್ಕಿತು. ಅದು ಎತ್ತಿನ ಗಾಡಿಯ ವೇಗದಲ್ಲಿ ಇಳಿಯತೊಡಗಿತು. ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ರಮಾಬಾಯಿ ಬಂದೇಬಿಟ್ಟರು. ಹಣೆಯ ಮೇಲೆ ಅಗಲ ಕುಂಕುಮ, ಮೂಗಿನ ತುದಿಯಲ್ಲಿ ಕನ್ನಡಕ. ಶೀಲಾ ನೀರು ಕೊಟ್ಟಳು. ಎಲ್ಲಾದರೂ ಅಡಗಿಕೊಳ್ಳೋಣವೆಂದರೆ ಕಂಪ್ಯೂಟರಿನ ಮುಂದೆ ನಾನೇ ಕೂತಿದ್ದೆ.

"ಎಲ್ಲೈತವಾ ನಿನ್ನ ಚಿತ್ರ?" ಎಂದು ಅವರೇ ಪರದೆಯ ಮುಂದೆ ಬಂದು ನಿಂತರು.

ಅವರ ಕನ್ನಡಕ ಮೇಲೇರಿತು, ಕೆಳಗಿಳಿಯಿತು.

"ಅಯ್ಯ ನಮ್ಮವ್ವ!" ಎಂದರು ರಮಾಬಾಯಿ. "ಎಷ್ಟ ಗುಂಡಗ ಅದಾವ! ಸಣ್ಣ ಆನಿ ಎಲ್ಲಾರ ಸೀರಿಮ್ಯಾಲೂ ಅದಾವ. ಹಿಂಗ ಒಂದರ ಬಾಲ ಒಂದ್ ಹಿಡಕೊಂಡ ಹೊಂಟಿದ್ದು ನಾ ಎಲ್ಲೂ ಕಂಡಿಲ್ಲ. ಅದೂ ಗುಲಾಬಿ! ಸಣ್ಣ ಹುಡುಗ್ಯಾರು ಕಸಗೊಂಡ ಒಯ್ತಾರ. ಇದ ನನಗ ಬೇಕವಾ, ಇದ್ದಂಗನ ಬೇಕು."

ಶೀಲಾಳ ಮುಖ ಅರಳಿದ್ದನ್ನು ನೋಡಿ ನನಗೂ ಉತ್ಸಾಹ ಉಕ್ಕಿತು. ಅದೇ ಹೊತ್ತಿಗೆ ಡೌನ್‌ಲೋಡ್ ಮುಗಿಯಬೇಕೇ? ಇಷ್ಟಕ್ಕೇ ಇಷ್ಟು ಮೆಚ್ಚಿದವರು ಸರಿಯಾದದ್ದು ಕಂಡರೆ ಇನ್ನೆಷ್ಟು ಮೆಚ್ಚಬೇಡ!

"ಒಂದ್ ನಿಮಿಷ ತಡೀರಿ ಬಾಯಾರ, ಖರೇ ಚಿತ್ರ ಈಗ ತೋರಸ್ತೇನಿ!"

"ಬ್ಯಾಡ್ರೀ!" ಎಂದು ಶೀಲಾ ಕೂಗುವುದಕ್ಕೂ ನಾನು ಗುಂಡಿ ಒತ್ತುವುದಕ್ಕೂ ಸರಿಹೋಯಿತು. ಪರದೆ ಕಣ್ಣು ಮುಚ್ಚಿ ತೆರೆಯಿತು. ಡ್ರೈವರ್ ಕೂತಿತ್ತು! ತೆಳ್ಳಗಿನ, ಕೆಂಪಗಿನ, ಶಿಸ್ತಿನ ಆನೆಗಳು ಒಂದನ್ನೊಂದು ಮುಟ್ಟದೆ ನಡೆದಿದ್ದವು.

"ನನ್ನ ಆನಿ ಎಲ್ಲಿ ಹೋದುವು?" ಎಂದರು ರಮಾಬಾಯಿ. ಅವರ ಧ್ವನಿ ಬದಲಾಗಿತ್ತು. "ಇಂಥಾವು ನಮ್ಮ ಅಂಗಡ್ಯಾಗ ಬೇಕಾದಷ್ಟ ಅದಾವ."

ನಾನು ಆ ಗುಂಡಿ ಒತ್ತಿದೆ, ಈ ಗುಂಡಿ ಒತ್ತಿದೆ. ಆನೆಗಳು ಮಿಸುಕಲಿಲ್ಲ. ಶೀಲಾ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

"ಅಕ್ಕಾರ," ಎಂದ ಚಹಾ ಕುಡಿಯುತ್ತಿದ್ದ ಹಣಮೇಶ, "ಆ ಆನಿ ನನ್ನ ಕಡೆ ಅದಾವಲ್ರಿ." ಮೊಬೈಲ್ ತೆರೆದು ಹಿಡಿದ. ಗುಂಡು ಗುಂಡು ಗುಲಾಬಿ ಆನೆಗಳು, ಸೊಂಡಿಲಿಗೆ ಬಾಲ!

ಅವ್ವ ಮಾತ್ರ ತಣ್ಣಗೆ ಹೇಳಿದಳು: "ಮತ್ತ? ಡ್ರೈವರ್ ಬೇಕಂದಿದ್ಯಲ್ಲ!"

ರಮಾಬಾಯಿ ಒಪ್ಪಿ ಹೋದರು. ಆ ಫೋಟೊ ನೋಡಿಕೊಂಡು ಶೀಲಾ ಆನೆಗಳನ್ನು ಮತ್ತೆ ಬಿಡಿಸಿದಳು. ಓಣಿಯ ಹೆಂಗಸರು ಹಾಡಿಕೊಂಡು, ನಗುತ್ತ ಹೊಲಿದರು. ಸೀರೆಗಳು ಅಂಗಡಿಯಲ್ಲಿ ನಿಲ್ಲುತ್ತಿಲ್ಲವಂತೆ.

ಮೊನ್ನೆ ಭಾನುವಾರ ಶೀಲಾ ನನಗೆ ತಾನಾಗಿಯೇ ಕುರ್ಚಿ ಸರಿಸಿ, ಏಲಕ್ಕಿ ಹಾಕಿದ ಚಹಾ ಇಟ್ಟು, ಪರದೆಯ ಮೇಲೆ ಹೊಸ ನವಿಲುಗಳನ್ನು ತೆರೆದಿಟ್ಟಳು. ಮದುವೆಯಾದಾಗಿನಿಂದ ಇಷ್ಟು ಮರ್ಯಾದೆ ಕಂಡವನಲ್ಲ ನಾನು!

"ರಮಾಬಾಯಾರು ಇನ್ನೊಂದ ಕೇಳ್ಯಾರ. ಇವನ್ನೂ ಸ್ವಲ್ಪ ಕೆಡಸಿ ಕೊಡ್ರಿ."

ಇದಕ್ಕಿಂತ ಸುಲಭದ ಕೆಲಸ ಯಾವುದು? ತೋಳು ಏರಿಸಿ ಕೂತೆ. ಬೆಳಗಿನಿಂದ ಸಂಜೆಯವರೆಗೆ ಕಂಡ ಮಂತ್ರಗಳನ್ನೆಲ್ಲ ಟೈಪ್ ಮಾಡಿದೆ, ಕಂಪ್ಯೂಟರನ್ನು ಆರಿಸಿದೆ, ಹಚ್ಚಿದೆ, ಬೇಡಿಕೊಂಡೆ, ಬೈದೆ. ನವಿಲುಗಳು ಗರಿ ಕೂಡ ಅಲುಗಿಸದೆ ಲಕ್ಷಣವಾಗಿ ನಿಂತಿದ್ದವು.

ಶೀಲಾ ಬಂದು ನೋಡಿ ನಿಟ್ಟುಸಿರಿಟ್ಟಳು.

"ಹೋಗ್ಲಿ ಬಿಡ್ರಿ. ನಿಮಗ ಕೆಡಸಾಕೂ ಬರೂದಿಲ್ಲ!"