ಕಂಪನಿಯ ಅಳಿಯ, ನನ್ನ ಭಾವ

ಅಕ್ಕನ ಮನೆಯಲ್ಲಿ ಸುಟ್ಟ ಬಲ್ಬು ಅಡುಗೆಮನೆಯದ್ದೋ ಬಚ್ಚಲಿನದ್ದೋ, ಈಗ ಆಣೆ ಹಾಕಿ ಹೇಳಲಾರೆ. ಹೇಳಿ ಹೇಳಿ ನಾನೇ ಎಷ್ಟು ಸೇರಿಸಿದ್ದೇನೋ! ಆದರೆ ಅಕ್ಕನ ಗಂಡ, ಅಂದರೆ ನನ್ನ ಭಾವ, ಅಕ್ಕನಿಗಿಂತ ಮೊದಲೇ ಕಂಪನಿಯನ್ನು ಮದುವೆಯಾಗಿದ್ದರು ಎಂಬುದರಲ್ಲಿ ಅನುಮಾನವಿಲ್ಲ.

ಎಂಬತ್ತರ ದಶಕದ ಕೊನೆ. ಮಸ್ಕತ್ತಿನ ಅಲ್ ಖುವೈರಿನಲ್ಲಿ ಅವರಿಗೆ ಕಂಪನಿಯ ಫ್ಲ್ಯಾಟು. ನಾನೂ ಅದೇ ಕಂಪನಿಗೆ ಸೇರಿ ಅಲ್ಲೇ ಉಳಿದಿದ್ದೆ. ಎಸಿ, ಸೋಫಾ, ಮಂಚ, ಊರಿಗೆ ವಿಮಾನದ ಟಿಕೆಟು, ಎಲ್ಲ ಪುಕ್ಕಟೆ! ಸಾಮಾನಿನ ಬೆನ್ನಿಗೆಲ್ಲ ನಂಬರಿನ ಸ್ಟಿಕ್ಕರು. ಸೋಫಾವನ್ನು ಕಿಟಕಿಯ ಕಡೆಗೆ ಎಳೆಯಹೋದರೆ ಭಾವ ಹೌಹಾರಿದರು.

"ಬೇಡ ಮಾರಾಯ! ಲಿಸ್ಟಿನಲ್ಲಿ ಗೋಡೆ ಹತ್ರ ಅಂತ ಉಂಟು!"

ಒಂದು ರಾತ್ರಿ ಆ ಬಲ್ಬು ಸುಟ್ಟಿತು. ಬಲ್ಬಿನ ಅಂಗಡಿ ಕೆಳಗೇ ಇತ್ತು. ಆದರೂ ಭಾವ ಕಂಪನಿಗೆ ಅರ್ಜಿ ಬರೆದರು. ನಾಲ್ಕು ದಿನ ಕತ್ತಲಲ್ಲಿ ತಡಕಾಡಿದೆವು. ಐದನೆಯ ದಿನ ಮೂರು ಜನ ಬಂದು ಒಂದು ಬಲ್ಬು ಹಾಕಿದರು.

"ನೋಡಿದೆಯಾ? ದೊಡ್ಡ ಕಂಪನಿ ಅಂದ್ರೆ ಇದು!"

"ಹೌದು, ಎಲ್ಲ ಕೊಟ್ಟಿದೆ," ಎಂದಳು ಅಕ್ಕ. "ಗೋಡೆಗೊಂದು ಮೊಳೆ ಹೊಡೀಲಿಕ್ಕೆ ಧೈರ್ಯ ಮಾತ್ರ ಕೊಡ್ಲಿಲ್ಲ."

ಕಂಪನಿ ಕೊಟ್ಟ ಪಿಕಪ್ಪು ಗಾಡಿಯನ್ನು ಸ್ವಂತಕ್ಕೆ ಬಳಸಬಾರದೆಂಬ ನಿಯಮ. ಅದನ್ನು ಮನೆಯ ಕೆಳಗೆ ನಿಲ್ಲಿಸಿ ಭಾವ ತರಕಾರಿಗೆ ಟ್ಯಾಕ್ಸಿ ಹಿಡಿಯುತ್ತಿದ್ದರು. ತುಂಬು ಗರ್ಭಿಣಿ ಅಕ್ಕನಿಗೂ ಟ್ಯಾಕ್ಸಿಯೇ! ಅವಳ ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ಡಾಕ್ಟರು ಹೇಳಿದ್ದಕ್ಕಿಂತ ಮೂರು ವಾರ ಮೊದಲೇ ನೋವು ಶುರುವಾಯಿತು. ನಮಾಜಿನ ಹೊತ್ತು, ರಸ್ತೆಯಲ್ಲಿ ಒಂದೂ ಟ್ಯಾಕ್ಸಿಯಿಲ್ಲ. ಆಗ ಭಾವ ಏನು ಮಾಡಿದರು ಗೊತ್ತೇ? ಮೇಜಿನ ಮುಂದೆ ಕುಳಿತು, ಪಿಕಪ್ಪು ಬಳಸಲು ಅನುಮತಿ ಕೇಳುವ ಫಾರ್ಮು ತುಂಬತೊಡಗಿದರು!

"ಭಾವ, ರಜೆ ದಿನ ಸಹಿ ಹಾಕ್ಲಿಕ್ಕೆ ಆಫೀಸಲ್ಲಿ ಯಾರುಂಟು?"

"ಒಂದೇ ನಿಮಿಷ, ಒಂದೇ ನಿಮಿಷ."

ಅಕ್ಕ ಬಾಗಿಲು ಹಿಡಿದುಕೊಂಡು ನರಳುತ್ತ ಹೇಳಿದಳು: "ಮಗುವಿಗೂ ಒಂದು ಫಾರ್ಮು ಕೊಡಿ. ಹೊರಗೆ ಬರ್ಲಿಕ್ಕೆ ಅನುಮತಿ ಬೇಕಲ್ಲ!"

ಭಾವ ಎದ್ದರು. ಫಾರ್ಮನ್ನು ಜೇಬಿಗೆ ತುರುಕಿ, ಅಕ್ಕನನ್ನು ಎತ್ತಿಕೊಂಡು ಮೂರು ಮಹಡಿ ಇಳಿದರು. (ಅಕ್ಕ ಎರಡೇ ಎನ್ನುತ್ತಾಳೆ.) ಹೆದ್ದಾರಿಯಲ್ಲಿ ಆ ಪಿಕಪ್ಪು ಓಡಿದ ವೇಗಕ್ಕೆ ಯಾವ ಕಂಪನಿಯೂ ಸಹಿ ಹಾಕುವುದಿಲ್ಲ.

ಹೆಣ್ಣುಮಗು. ಜೋರಾಗಿ ಅಳುತ್ತಲೇ ಬಂದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಮುಖ ಒರೆಸಿಕೊಳ್ಳಲು ಭಾವ ಜೇಬಿನಿಂದ ತೆಗೆದದ್ದು ಕರವಸ್ತ್ರವಲ್ಲ, ಆ ಫಾರ್ಮು. ಬಗ್ಗಿ ನೋಡಿದೆ. ಹೆಸರು, ನಂಬರು, ವಿಭಾಗ, ಎಲ್ಲ ಖಾಲಿ. ಕಾರಣ ಬರೆಯುವಲ್ಲಿ ಮಾತ್ರ, ಆ ಇಂಗ್ಲಿಷ್ ಫಾರ್ಮಿನಲ್ಲಿ, ಕನ್ನಡದಲ್ಲಿ ಒಂದು ಸಾಲು: "ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು."

ಶನಿವಾರ ಅದನ್ನು ಆಫೀಸಿಗೆ ಕೊಟ್ಟರೇ? ನಾನು ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.