ನಮ್ಮತ್ತೆಯ ಬೇಸ್ ಗಿಟಾರು

ಅತ್ತೆ ಬಾಯಿ ತೆರೆದರೆ ಮನೆಯೇ ನಡುಗುತ್ತದೆ ಎಂದು ಹೇಳಿಕೊಳ್ಳುವ ಸೊಸೆಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಾಪ, ನಡುಕ ಎಂದರೇನು ಅಂತ ಅವರಿಗೇನು ಗೊತ್ತು! ನಮ್ಮತ್ತೆ ಬಾಯಿಯನ್ನೇ ತೆರೆಯದೆ, ಎರಡೇ ಬೆರಳಲ್ಲಿ, ಅಡುಗೆಮನೆಯ ಲೋಟಗಳನ್ನು ಶೆಲ್ಫಿನ ಅಂಚಿನವರೆಗೆ ನಡೆಸಿಕೊಂಡು ಬರಬಲ್ಲರು. ಕಿಟಕಿಯ ಗಾಜುಗಳಿಗೆ ಚಳಿಜ್ವರ ಬರಿಸಬಲ್ಲರು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಅರವತ್ತು ದಾಟಿದ ನಮ್ಮತ್ತೆ ಬೇಸ್ ಗಿಟಾರ್ ಬಾರಿಸುತ್ತಾರೆ!

ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಆದರೆ ಒಂದೊಂದೂ ಬಟ್ಟೆ ಒಣಹಾಕಲು ಕಟ್ಟಬಹುದಾದಷ್ಟು ಗಟ್ಟಿ. ಸ್ವರ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ. ಮದುವೆಗೆ ಮುಂಚೆ ಮೈಸೂರಿನಲ್ಲಿ ನಮ್ಮಮ್ಮ ಅವರಿವರಲ್ಲಿ ವಿಚಾರಿಸಿದಾಗ, "ಹುಡುಗನ ತಾಯಿಗೆ ಸಂಗೀತ ಬರುತ್ತಂತೆ" ಎಂದಷ್ಟೇ ಗೊತ್ತಾಗಿತ್ತು. ಅಮ್ಮ ಸಂತೋಷಪಟ್ಟು ನನ್ನ ಸೂಟ್‌ಕೇಸಿನಲ್ಲಿ ದೇವರನಾಮಗಳ ಪುಸ್ತಕ ಇಟ್ಟು ಕಳಿಸಿದಳು!

ಅತ್ತೆ ಮಾವ ಉಡುಪಿ ಕಡೆಯಿಂದ ಬಂಗಾಳಕ್ಕೆ ಬಂದು ನೆಲೆಸಿದವರು. ಬಾಲಿಗಂಜ್ ಸ್ಟೇಷನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲು. ಇಡ್ಲಿ, ದೋಸೆ, ಮದುವೆ ಮುಂಜಿಗೆ ಅಡುಗೆ. ಹೋಟೆಲಿನ ಹಿಂದಿನ ಬೀದಿಯಲ್ಲೇ ನಮ್ಮ ಫ್ಲ್ಯಾಟು. ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ. ವಾರವೆಲ್ಲ ಜನರ ಹಲ್ಲು ಕೀಳುವ ಆ ಬಂಗಾಳಿ ಮಹಾಶಯರು ಭಾನುವಾರ ಗೆಳೆಯರನ್ನು ಸೇರಿಸಿಕೊಂಡು ಡ್ರಮ್ಮು ಬಡಿಯುತ್ತಿದ್ದರು. ಒಂದು ಭಾನುವಾರ ಸದ್ದು ಸಹಿಸಲಾಗದೆ ಅತ್ತೆ ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರಂತೆ. ಹೋದವರು ಊಟದ ಹೊತ್ತಾದರೂ ಇಳಿಯಲಿಲ್ಲ. ಮಾವ ಗಾಬರಿಯಾಗಿ ಹೋಗಿ ನೋಡಿದರೆ, ಅತ್ತೆ ಸೋಫಾದ ಮೇಲೆ ಗಿಟಾರು ಹಿಡಿದು ಕೂತಿದ್ದಾರೆ!

"ಎಂತ ಮಾಡುದು ಮಾರಾಯ್ತಿ?" ಎಂದು ಅತ್ತೆ ನನಗೆ ವಿವರಿಸಿದ್ದರು. "ಅವರ ಹಾಡಿಗೆ ಮೇಲೆ ಎಲ್ಲ ಉಂಟು, ಕೆಳಗೆ ಎಂತದೂ ಇಲ್ಲ. ತಳ ಇಲ್ಲದ ಪಾತ್ರೆಯ ಹಾಗೆ! ನಾನು ಹಾಗೇ ಹೇಳಿದೆ. ಬೇಸ್ ಬಾರಿಸುವವನು ಊರು ಬಿಟ್ಟು ಹೋದ ಅಂದ್ರು. ಅವನ ಗಿಟಾರು ಗೋಡೆಯಲ್ಲಿ ನೇತಾಡ್ತಾ ಇತ್ತು. ಕೊಡಿ ನೋಡುವ ಅಂದೆ."

ಚಿಕ್ಕಂದಿನಲ್ಲಿ ಅತ್ತೆ ತಮ್ಮ ಅಕ್ಕನ ಕಚೇರಿಗಳಲ್ಲಿ ಹಿಂದೆ ಕೂತು ತಂಬೂರಿ ಮೀಟುತ್ತಿದ್ದರಂತೆ. ಹಾಡಿದ್ದಕ್ಕೆ ಅಕ್ಕನಿಗೆ ಶಾಲು, ಮೀಟಿದ್ದಕ್ಕೆ ಇವರಿಗೆ ಕಾಫಿ. ಹಿಂದೆ ಕೂತು ಆಧಾರ ಕೊಡುವ ಕೆಲಸ ಹೊಸದೇನೂ ಆಗಿರಲಿಲ್ಲ. ಈ ಸಲ ಮಾತ್ರ ಕರೆಂಟು ಸೇರಿಕೊಂಡಿತು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಏನೋ ಕೊತಕೊತ ಕುದಿಯುತ್ತಿತ್ತು. ಮಾವ ಮುಚ್ಚಳ ತೆಗೆದು ಇಣುಕಿ, ಮುಖ ಅರಳಿಸಿಕೊಂಡು ಕೇಳಿದರು:

"ಇವತ್ತು ಶ್ಯಾವಿಗೆಯಾ?"

"ಮುಚ್ಚಿ! ಅದು ನನ್ನ ತಂತಿ!" ಅತ್ತೆ ಬಚ್ಚಲುಮನೆಯಿಂದಲೇ ಕೂಗಿದರು.

ಬೆರಳಿನ ಬೆವರು, ಜಿಡ್ಡು ಕೂತು ಮಂಕಾದ ತಂತಿಗಳನ್ನು ಕುದಿಸಿದರೆ ಸ್ವರ ಮತ್ತೆ ಹೊಳೆಯುತ್ತದೆಯಂತೆ. ಮೊಬೈಲಿನಲ್ಲಿ ಯಾರೋ ವಿದೇಶದ ಗಡ್ಡಧಾರಿ ಹೇಳಿಕೊಟ್ಟ ವಿದ್ಯೆ. ಮಾವ ಅಂದಿನಿಂದ ಮುಚ್ಚಳ ತೆಗೆಯುವ ಮುನ್ನ ಕೇಳಿಯೇ ತೆಗೆಯುತ್ತಾರೆ: "ಇದು ತಿನ್ನುವುದಾ, ಬಾರಿಸುವುದಾ?"

ಆಮೇಲೆ ಬಂದಿದ್ದು ಗುಂಯ್‌ಗುಡುವ ಕಾಯಿಲೆ. ನಮ್ಮ ಫ್ರಿಜ್ಜು ಶುರುವಾದಾಗಲೆಲ್ಲ ಗಿಟಾರು ಜೇನುಗೂಡಿನಂತೆ ಗುಂಯ್ಗುಟ್ಟುತ್ತಿತ್ತು. ಬೇರೆಯವರಾಗಿದ್ದರೆ ಅಂಗಡಿಗೆ ಕೊಡುತ್ತಿದ್ದರು. ಅತ್ತೆ ಸ್ಕ್ರೂಡ್ರೈವರ್ ಹಿಡಿದು ಅದರ ಹೊಟ್ಟೆಯನ್ನೇ ಬಿಚ್ಚಿದರು! ಹೋಟೆಲಿನ ಪಾರ್ಸೆಲ್ ಕಟ್ಟುವ ಬೆಳ್ಳಿಹಾಳೆಯನ್ನು ಒಳಗೆಲ್ಲ ಒತ್ತಿ ಅಂಟಿಸಿ, ಬೆಸುಗೆ ಹಾಕಿ ಮುಚ್ಚಿದರು. ಗುಂಯ್ ನಿಂತಿತು. ಆದರೆ ಅಂದು ಹೋಟೆಲಿನಲ್ಲಿ ಪಾರ್ಸೆಲ್ ಕೇಳಿದವರಿಗೆಲ್ಲ ಮಸಾಲೆದೋಸೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟು ಮಾವ ಬೈಸಿಕೊಂಡರು.

ಇನ್ನು ಸ್ಪೀಕರಿನ ಕಥೆ. ಅಂಗಡಿಯ ಪೆಟ್ಟಿಗೆಗಳ ಸ್ವರದಲ್ಲಿ "ದಮ್ಮಿಲ್ಲ" ಎಂದು ಅತ್ತೆ ತೀರ್ಮಾನಿಸಿ, ತಾವೇ ಒಂದನ್ನು ಮಾಡಲು ಹೊರಟರು. ಹೋಟೆಲಿಗೆ ಹೊಸ ಬೋರ್ಡು ಬಂದಿದ್ದರಿಂದ ಹಳೆಯದರ ದಪ್ಪ ಪ್ಲೈವುಡ್ ಅಟ್ಟದಲ್ಲಿತ್ತು. ಅದನ್ನು ಕೊಯ್ದು, ಗೋಂದು ಹಚ್ಚಿ, ಮೊಳೆ ಬಿಗಿದು ಪೆಟ್ಟಿಗೆ ಕಟ್ಟಿದರು. ಸ್ವರ ಎದೆ ಗುದ್ದುವಂತೆ ಬಂತು. ಆದರೆ ಎದುರಿನ ಹಲಗೆಯಲ್ಲಿ ಬೋರ್ಡಿನ ಇಂಗ್ಲಿಷ್ ಅಕ್ಷರಗಳು ಹಾಗೇ ಉಳಿದಿದ್ದವು: ಪ್ಯೂರ್ ವೆಜ್!

ಅಲ್ಲಿಯವರೆಗೆ ಹೆಸರಿಲ್ಲದಿದ್ದ ಬ್ಯಾಂಡಿಗೆ ಹೆಸರು ಸಿಕ್ಕಿತು. ಮೀನಿಲ್ಲದೆ ತುತ್ತೆತ್ತದ ನಾಲ್ವರು ಬಂಗಾಳಿಗಳು 'ಪ್ಯೂರ್ ವೆಜ್' ಎಂಬ ಹೆಸರಿನಲ್ಲಿ ಪಾಡಾದ, ಅಂದರೆ ನಮ್ಮ ಬಡಾವಣೆಯ, ದುರ್ಗಾಪೂಜೆಯ ವೇದಿಕೆ ಹತ್ತಿದರು. ಹೆಸರು ಕೂಗಿದ್ದೇ ತಡ, ಜನ ವೇದಿಕೆಯ ಹಿಂದೆ ಸಾಲು ನಿಂತರು. ದೋಸೆ ಕೊಡುತ್ತಾರೆ ಅಂತ!

ಅಂದು ಅತ್ತೆಯನ್ನು ನೋಡಬೇಕಿತ್ತು ನೀವು. ಕೆಂಪಂಚಿನ ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಹೆಗಲಿಗೆ ಆ ಮಣಭಾರದ ಗಿಟಾರು. ಅಂಗಡಿಯ ಪಟ್ಟಿ ಹೆಗಲು ಕೊಯ್ಯುತ್ತದೆಂದು ಅಗಲವಾದ ಚರ್ಮದ ಪಟ್ಟಿಯೊಂದನ್ನು ತಾವೇ ಹೊಲಿದುಕೊಂಡಿದ್ದರು. ಆ ಚರ್ಮ ಎಲ್ಲಿಯದೆಂದು ಗೊತ್ತಾಗಿದ್ದು, ಪೂಜೆಗೆಂದು ಅಪರೂಪಕ್ಕೆ ಪ್ಯಾಂಟು ತೊಟ್ಟ ಮಾವ ಬೆಲ್ಟು ಹುಡುಕಿದಾಗ. ಪಾಪ, ಹೆಂಡತಿಯ ಮೊದಲ ಕಾರ್ಯಕ್ರಮ ಮುಗಿದು ಊರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಾವ ಮಾತ್ರ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದರು!

ಮರುವರ್ಷದ ಪೂಜೆಗೆ ಪ್ಯೂರ್ ವೆಜ್ಜಿಗೆ ಪಾರ್ಕ್ ಸ್ಟ್ರೀಟಿನ ದೊಡ್ಡ ರೆಸ್ಟೋರೆಂಟಿನಿಂದಲೂ ಕರೆ ಬಂತು. ಅತ್ತೆ ನೆಲದ ಮೇಲೆ ನಡೆಯುವುದನ್ನೇ ಬಿಟ್ಟರು. ನನಗಾಗ ಐದು ತಿಂಗಳು. ಹೊಟ್ಟೆಯ ಹತ್ತಿರ ಬಾಗಿ, "ಕೇಳ್ತದಾ ಮಗಾ? ಇದು ನಿನ್ನ ಅಜ್ಜಿ ಬಾರಿಸುದು" ಎಂದು ಮಾತಾಡುತ್ತಿದ್ದರು. ಅವರು ಬಾರಿಸಿದಾಗ ಮಗು ಒಳಗಿಂದ ಒದೆಯುತ್ತಿತ್ತು ಕೂಡ.

ಆಮೇಲೆ ಒಂದು ದಿನ ಒದೆಯಲಿಲ್ಲ.

ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ. ಮನೆಗೆ ಜನ ಬಂದರು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಒಂದೇ ಮಾತು ಹೇಳಿದರು: ಅಳಬೇಡ, ಇನ್ನೂ ಚಿಕ್ಕ ವಯಸ್ಸು, ಅಳಬೇಡ. ಊರಿನಿಂದ ಅಮ್ಮ ಫೋನಿನಲ್ಲಿ ಅದನ್ನೇ ಹೇಳಿದಳು. ನನ್ನ ಗಂಡ ಅದನ್ನೇ ಹೇಳಿ, ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದ. ಎರಡು ಕೋಣೆಯ ಮನೆ, ತೆಳ್ಳಗಿನ ಗೋಡೆ. ಬಿಕ್ಕಿದರೆ ಎಲ್ಲರೂ ಓಡಿ ಬರುತ್ತಾರೆಂದು ನಾನು ಬಾಯಿ ಬಿಗಿಹಿಡಿದು ಮಲಗಿದ್ದೆ. ವಾರ ಕಳೆದರೂ ಒಂದು ತೊಟ್ಟು ಕಣ್ಣೀರು ಬರಲಿಲ್ಲ. ಅನ್ನವೂ ಇಳಿಯಲಿಲ್ಲ.

ಪಾರ್ಕ್ ಸ್ಟ್ರೀಟಿನ ಕಾರ್ಯಕ್ರಮದ ದಿನ ಮಧ್ಯಾಹ್ನ ಹಲ್ಲಿನ ಡಾಕ್ಟರು ಅತ್ತೆಯನ್ನು ಕರೆಯಲು ಕೆಳಗೆ ಬಂದರು. ಬಾಗಿಲಲ್ಲಿ ಅತ್ತೆ ಅವರಿಗೆ ಹಿಂದಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು: ಇವತ್ತು ನಾನು ಮನೆಯಲ್ಲೇ ಬಾರಿಸುವುದುಂಟು, ನೀವು ಹೋಗಿ ಬನ್ನಿ ದಾದಾ.

ಸ್ವಲ್ಪ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಏದುಸಿರು ಬಿಡುತ್ತಾ ಆ ದೊಡ್ಡ ಪೆಟ್ಟಿಗೆಯನ್ನು ಎಳೆದುಕೊಂಡು ಬಂದರು. ಮಂಚಕ್ಕೆ ತಾಗಿಸಿ ಇಟ್ಟು ಪ್ಲಗ್ ಚುಚ್ಚಿದರು. ಗಿಟಾರು ಹೆಗಲಿಗೇರಿಸಿ ಸ್ಟೂಲಿನ ಮೇಲೆ ಕೂತರು.

"ಅತ್ತೆ, ಈಗ ಬೇಡ..." ಎಂದೆ.

"ನಿನಗೆ ಕೇಳ್ಸುದಕ್ಕೆ ಅಲ್ಲ ಮಾರಾಯ್ತಿ," ಎಂದರು ಅತ್ತೆ, ತಿರುಪು ಪೂರ್ತಿ ತಿರುಗಿಸುತ್ತಾ. "ನಾನು ಜೋರಾಗಿ ಬಾರಿಸ್ತೇನೆ. ನೀನು ಬೇಕಾದಷ್ಟು ಅಳು. ಕಿರುಚಿ ಅಳು. ಯಾರಿಗೂ ಕೇಳ್ಸುದಿಲ್ಲ."

ಮೊದಲ ಸ್ವರಕ್ಕೇ ಮಂಚ ಅದುರಿತು. ಎರಡನೆಯದಕ್ಕೆ ನನ್ನ ಎಲುಬು. ಮುಂದಿನದು ಯಾವಾಗ ಬಂತೋ ಗೊತ್ತಿಲ್ಲ, ನನ್ನೊಳಗಿನಿಂದ ಎಂಥದೋ ಸದ್ದು ಹೊರಟಿತು; ಅದು ನನ್ನದೇ ಎಂದು ನನಗೇ ತಿಳಿಯಲಿಲ್ಲ. ದಿಂಬು ಕಚ್ಚಲಿಲ್ಲ, ಬಾಯಿ ಮುಚ್ಚಿಕೊಳ್ಳಲಿಲ್ಲ. ಕೂಗಿ ಕೂಗಿ ಅತ್ತುಬಿಟ್ಟೆ. ನಡುವೆ ಮಾವ "ಕಟ್ಟಡ ಬೀಳ್ತದೆ, ಎಂತ ಇದು!" ಎಂದು ಬಾಗಿಲು ತಳ್ಳಿದರು. ನನ್ನನ್ನು ನೋಡಿದರು. ಬಾಗಿಲನ್ನು ಮೆಲ್ಲನೆ ಮುಂದೆ ಎಳೆದುಕೊಂಡು ಹೊರಟುಹೋದರು.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದೆ. ನಮ್ಮತ್ತೆಯ ಕನ್ನಡಕದ ಕೆಳಗಿನಿಂದ ನೀರು ಇಳಿದು ಗಿಟಾರಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವರಿಗೂ ಆ ಮನೆಯಲ್ಲಿ ಅಳುವುದಕ್ಕೆ ಬೇರೆ ಜಾಗ ಎಲ್ಲಿತ್ತು?

ಕೊನೆಗೆ ಬೆರಳು ಸೋತು ಬಾರಿಸುವುದನ್ನು ನಿಲ್ಲಿಸಿದರು. ಮನೆ ನಿಶ್ಶಬ್ದವಾಯಿತು. ಆಗ ಹೊರಬಾಗಿಲಿನಿಂದ ಮಾವನ ದನಿ ಕೇಳಿಸಿತು. ಅಲಿಪುರ ಬಡಾವಣೆಯಲ್ಲಿದ್ದ ಪರಿಚಯದ ಕನ್ನಡ ದಂಪತಿ ನನ್ನನ್ನು ಸಮಾಧಾನ ಮಾಡಲೆಂದು ಬಂದಿದ್ದರು. ಮಾವ ಅವರನ್ನು ಹೊಸ್ತಿಲ ಆಚೆಯೇ ತಡೆದು ನಿಲ್ಲಿಸಿ ಹೇಳುತ್ತಿದ್ದರು:

"ಒಳಗೆ ರಿಪೇರಿ ನಡೀತಾ ಉಂಟು. ಇನ್ನೊಂದು ದಿನ ಬನ್ನಿ."